ಕಾಯಿಲೆಗೂ ಪೂರ್ತಿ ಹೆಸರು ಬೇಕು



ನಿಮ್ಮಲ್ಲಿ ಕೆಲವರು ಮೆಡಿಕಲ್ ಕೋಡಿಂಗ್ ಕೆಲಸದಲ್ಲಿದ್ದೀರಿ. ಕಾಯಿಲೆಗೆ ನಂಬರು ಹಾಕುವುದೂ ಒಂದು ಕೆಲಸವೇ ಎಂದು ನಾನೂ ಮೂಗು ಮುರಿದವಳೇ. ನಮ್ಮ ಅತ್ತೆಯವರ ಕಾಯಿಲೆ ನನ್ನ ಕಣ್ಣು ತೆರೆಸಿತು.

"ಕಾಲು ನೆಲಕ್ಕೆ ಅಂಟಿಕೊಳ್ಳುತ್ತೆ ಕಣೋ" ಎಂದು ಅತ್ತೆ ಡಾಕ್ಟರ ಮುಂದೆ ಹೇಳಿದರು. ನನ್ನ ಮಗ ಅದನ್ನು ಹಿಂದಿಯಲ್ಲಿ "ಕಮ್‌ಜೋರಿ" ಎಂದುಬಿಟ್ಟ. ಕಾಗದದ ಮೇಲೆ ನಿಶ್ಶಕ್ತಿ ಎಂದಾಯಿತು. ಆರು ತಿಂಗಳು ಟಾನಿಕ್ ನಡೆಯಿತು. ಮರೆವು ಬಂತು, ಬಾತ್‌ರೂಮಿಗೆ ಹೋಗುವಷ್ಟರಲ್ಲಿ ಸೀರೆ ಒದ್ದೆಯಾಗತೊಡಗಿತು. "ವಯಸ್ಸಾಯಿತಲ್ಲ" ಎಂದೆವು ನಾವೆಲ್ಲ.

ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ತಿಳಿಯಿತು, ಮಿದುಳಿನಲ್ಲಿ ನೀರು ತುಂಬಿದೆ ಎಂದು. ಮಿದುಳಿನಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ದ್ರವ ಹುಟ್ಟಿ ಮತ್ತೆ ರಕ್ತಕ್ಕೆ ಸೇರುತ್ತದಂತೆ. ಸೇರುವುದು ತಪ್ಪಿದರೆ ಹೈಡ್ರೊಸೆಫಾಲಸ್. ಅದರಲ್ಲಿ ವಯಸ್ಸಾದವರಿಗೆ ಬರುವ ಒಂದು ಬಗೆ ನಾರ್ಮಲ್ ಪ್ರೆಷರ್ ಹೈಡ್ರೊಸೆಫಾಲಸ್. ನಡಿಗೆ, ನೆನಪು, ಮೂತ್ರದ ಹಿಡಿತ ಮೂರೂ ಕೆಡುವ ಈ ಕಾಯಿಲೆಯನ್ನು 1965ರಲ್ಲೇ ಹಕೀಮ್, ಆಡಮ್ಸ್ ಮೊದಲಾದ ವೈದ್ಯರು ವಿವರಿಸಿದ್ದಾರೆ. ಷಂಟ್ ಎಂಬ ಸಣ್ಣ ಕೊಳವೆ ಹಾಕಿ ನೀರನ್ನು ಹೊಟ್ಟೆಯ ಕಡೆಗೆ ಹರಿಸಿದರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಅತ್ತೆಯೂ ಮತ್ತೆ ನಡೆದರು.

ಡಿಸ್ಚಾರ್ಜ್ ಕಾಗದದಲ್ಲಿ ಮಾತ್ರ "ಹೈಡ್ರೊಸೆಫಾಲಸ್" ಎಂಬ ಒಂದೇ ಪದವಿತ್ತು. ಕೋಡಿಂಗ್ ಮಾಡುವ ಪಕ್ಕದ ಮನೆಯ ಹುಡುಗಿ ನೋಡಿ ಹೇಳಿದಳು: "ಆಂಟಿ, ಇಷ್ಟೇ ಬರೆದಿದ್ದರೆ ಐಸಿಡಿ-10ರಲ್ಲಿ ಜಿ 91.9, ಅಂದರೆ ಬಗೆ ತಿಳಿಸಿಲ್ಲ ಅಂತ. ಅಜ್ಜಿಯದು ಜಿ 91.2. ಹುಟ್ಟಿನಿಂದ ಬಂದದ್ದಾದರೆ ಕ್ಯೂ 03. ಒಳಗೆ ಷಂಟ್ ಇದೆ ಎನ್ನುವುದಕ್ಕೇ ಬೇರೆ, ಜೆಡ್ 98.2. ಆದರೆ ಡಾಕ್ಟರು ಬರೆಯದ್ದನ್ನು ನಾವು ಊಹಿಸಿ ಹಾಕುವ ಹಾಗಿಲ್ಲ, ಅವರನ್ನೇ ಕೇಳಬೇಕು."

ಮರುದಿನವೇ ಹೋಗಿ ಪೂರ್ತಿ ಹೆಸರು, ಷಂಟಿನ ವಿವರ, ಆಪರೇಷನ್ನಿನ ತಾರೀಖು ಬರೆಸಿಕೊಂಡು ಬಂದೆ. ನಾಳೆ ಷಂಟ್ ಕಟ್ಟಿಕೊಂಡರೆ, ಹೊಸ ಡಾಕ್ಟರಿಗೆ ದಾರಿ ತೋರಿಸುವುದು ಆ ಕಾಗದವೇ ಅಲ್ಲವೇ?

ಮಕ್ಕಳೇ, ಕೋಡಿಂಗ್ ಮಾಡುವವರು ಸಂದೇಹ ಬಂದಲ್ಲಿ ಕೇಳಲು ಬೇಸರಿಸಬೇಡಿ. ಉಳಿದವರಿಗೂ ಒಂದು ಮಾತು. ಅಜ್ಜಿ ಕನ್ನಡದಲ್ಲಿ ಹೇಳುವ ನೋವನ್ನು ಈ ಊರಿನ ಡಾಕ್ಟರಿಗೆ ತಲುಪಿಸುವವರು ನೀವು. ಅವರು ಹೇಳಿದ್ದನ್ನು ಹೇಳಿದಂತೆಯೇ ಹೇಳಿ. ಗೊತ್ತಾಗದಿದ್ದರೆ "ಅಂದರೇನಜ್ಜಿ?" ಎಂದು ಕೇಳಿ. ನನ್ನ ಮಗ ಅಂದು ಅಷ್ಟು ಕೇಳಿದ್ದರೆ ಆರು ತಿಂಗಳು ಉಳಿಯುತ್ತಿತ್ತೇನೋ.