ಎಣಿಕೆಯೂ ತೂಕವೂ: ಸಾಧನಾಭಿಪ್ರೇರಣೆಯ ಸಂಶೋಧನೆಯಲ್ಲಿ ಎರಡು ಸಮೀಕ್ಷಾಮಾರ್ಗಗಳು

ಪ್ರಾಚೀನ ಕಾವ್ಯವೊಂದನ್ನು ಸಂಪಾದಿಸಲು ತೊಡಗಿದ ವಿದ್ವಾಂಸನ ಮುಂದೆ ಹಲವು ಓಲೆಯ ಪ್ರತಿಗಳಿರುತ್ತವೆ. ಹೆಚ್ಚು ಪ್ರತಿಗಳಲ್ಲಿ ಕಂಡ ಪಾಠವೇ ಶುದ್ಧಪಾಠವೆಂದು ಅವನು ತೀರ್ಮಾನಿಸುವುದಿಲ್ಲ. ಒಂದೇ ದೋಷಯುಕ್ತ ಮೂಲದಿಂದ ಹುಟ್ಟಿದ ಹತ್ತು ಪ್ರತಿಗಳು ಒಂದೇ ಸಾಕ್ಷಿಗೆ ಸಮಾನ. ಹಾಗೆಂದು ತನಗೆ ರುಚಿಸಿದ ಒಂದು ಪ್ರತಿಯನ್ನೇ ಹಿಡಿದು ಉಳಿದವನ್ನು ಬದಿಗೊತ್ತುವುದೂ ಸಲ್ಲದು. ಎಣಿಸಲೂ ಬೇಕು, ತೂಗಲೂ ಬೇಕು. ಈ ವಿವೇಕವು ಶಿಕ್ಷಣ ಮನೋವಿಜ್ಞಾನಕ್ಕೂ ಅಷ್ಟೇ ಅವಶ್ಯಕವೆಂಬುದಕ್ಕೆ ಸಾಧನಾಭಿಪ್ರೇರಣೆಯ ಸಂಶೋಧನೆ ಒಳ್ಳೆಯ ನಿದರ್ಶನ.

ಕೈಕೊಂಡ ಕಾರ್ಯವನ್ನು ಉತ್ತಮವಾಗಿ ನೆರವೇರಿಸಬೇಕೆಂಬ ಅಂತರಂಗದ ಹಂಬಲವೇ ಸಾಧನಾಭಿಪ್ರೇರಣೆ. 1938ರಲ್ಲಿ ಹೆನ್ರಿ ಮರ್ರೆ ಗುರುತಿಸಿದ ಈ ಅಗತ್ಯವನ್ನು ಡೇವಿಡ್ ಮೆಕ್ಲೆಲ್ಯಾಂಡ್ ವಿಸ್ತಾರವಾಗಿ ಅಭ್ಯಸಿಸಿದರು. ಇದನ್ನು ಅಳೆಯಲು ಎರಡು ಸಾಧನಗಳು ಬಳಕೆಗೆ ಬಂದವು. ಚಿತ್ರವೊಂದನ್ನು ತೋರಿಸಿ ಕಥೆ ಬರೆಯಿಸಿ, ಆ ಕಥೆಯಲ್ಲಿ ಹಂಬಲದ ಸುಳಿವನ್ನು ಅರಸುವುದು ಒಂದು. ನೇರವಾದ ಪ್ರಶ್ನಾವಳಿ ಇನ್ನೊಂದು. ಇವುಗಳಲ್ಲಿ ಯಾವುದು ನಂಬಲರ್ಹವೆಂಬ ವಿವಾದ ದಶಕಗಳ ಕಾಲ ನಡೆಯಿತು.

ಮೊದಲು ತೀರ್ಪು ನೀಡಿದ್ದು ವಿವರಣಾತ್ಮಕ ಸಮೀಕ್ಷೆ. ಸಮೀಕ್ಷಕನು ಪ್ರಬಂಧಗಳನ್ನು ಓದಿ, ತೂಗಿ, ತನ್ನ ಮಾತಿನಲ್ಲಿ ಸಾರವನ್ನು ನಿರೂಪಿಸುವ ಮಾರ್ಗವಿದು. 1972ರಲ್ಲಿ ಡೋರಿಸ್ ಎಂಟ್‌ವಿಸಲ್ ಅವರು ಈ ಮಾರ್ಗದಲ್ಲಿ ನಡೆದು, ಕಥೆಯ ಮೂಲಕ ಮಾಡುವ ಅಳತೆಯ ವಿಶ್ವಸನೀಯತೆ ತೀರ ಕಡಿಮೆಯೆಂದು ವಾದಿಸಿದರು. ಅನೇಕರಿಗೆ ಅದೇ ಕೊನೆಯ ಮಾತೆಂದು ತೋರಿತು.

1976ರಲ್ಲಿ ಜೀನ್ ಗ್ಲಾಸ್ ಅವರು 'ಮೆಟಾ-ವಿಶ್ಲೇಷಣೆ' ಎಂಬ ಹೆಸರನ್ನಿತ್ತು ಮತ್ತೊಂದು ಮಾರ್ಗವನ್ನು ಮುಂದಿಟ್ಟರು. ಪ್ರತಿಯೊಂದು ಅಧ್ಯಯನದ ಫಲಿತಾಂಶವನ್ನೂ ಒಂದು ಸಮಾನ ಮಾನಕ್ಕೆ ಪರಿವರ್ತಿಸಿ, ಎಲ್ಲವನ್ನೂ ಒಟ್ಟುಗೂಡಿಸುವುದೇ ಇದರ ಕ್ರಮ. ಇದರ ಪ್ರಯೋಜನ ಸ್ಪಷ್ಟ. ಕೆಲವೇ ಮಕ್ಕಳ ಮೇಲೆ ನಡೆದ ಸಣ್ಣ ಅಧ್ಯಯನದಲ್ಲಿ ನಿಜವಾದ ಸಂಬಂಧವೂ ಆಕಸ್ಮಿಕವೆನಿಸಿ ಮರೆಯಾಗಬಹುದು. ಅಂತಹ ಹತ್ತನ್ನು ಬಿಡಿಬಿಡಿಯಾಗಿ ಓದಿದವನು ಹತ್ತು ಸೋಲುಗಳನ್ನು ಕಾಣುತ್ತಾನೆ. ಒಟ್ಟುಗೂಡಿಸಿದವನಿಗೆ ಒಂದೇ ದಿಕ್ಕಿಗೆ ಹರಿಯುವ ಹೊಳೆ ಕಾಣುತ್ತದೆ.

1992ರಲ್ಲಿ ವಿಲಿಯಂ ಸ್ಪ್ಯಾಂಗ್ಲರ್ 105 ಪ್ರಬಂಧಗಳನ್ನು ಹೀಗೆ ಪರಿಶೀಲಿಸಿದಾಗ ಹಳೆಯ ತೀರ್ಪು ಅಲುಗಾಡಿತು. ಸರಾಸರಿಯಲ್ಲಿ ಕಥೆಯ ಅಳತೆಯೇ ಪ್ರಶ್ನಾವಳಿಗಿಂತ ಮುಂದಿತ್ತು. ಅದಕ್ಕಿಂತ ಮುಖ್ಯವಾದುದು ಇನ್ನೊಂದು: ಕಾರ್ಯದಲ್ಲಿಯೇ ಆಕರ್ಷಣೆಯಿದ್ದ ಸಂದರ್ಭಗಳಲ್ಲಿ, ವೃತ್ತಿಜೀವನದ ಯಶಸ್ಸಿನಂತಹವುಗಳಲ್ಲಿ, ಕಥೆಯ ಅಳತೆ ವಿಶೇಷವಾಗಿ ಬಲವಾಗಿತ್ತು, ಶಾಲೆಯ ಸಾಧನೆಯಂತೆ ಹೊರಗಿನ ಒತ್ತಾಯವೂ ಸಾಮಾಜಿಕ ನಿರೀಕ್ಷೆಯೂ ಇದ್ದೆಡೆ ಪ್ರಶ್ನಾವಳಿ ಬಲವಾಗಿತ್ತು. ಎರಡು ಸಾಧನಗಳು ಅಳೆಯುತ್ತಿದ್ದುದು ಒಂದೇ ವಸ್ತುವನ್ನಲ್ಲ.

ಹಾಗಾದರೆ ಅಂಕಿಯೇ ಗೆದ್ದಿತೆ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಫಲಿತಾಂಶಗಳನ್ನು ಯಾವ ಗೆರೆಯ ಮೇಲೆ ವಿಂಗಡಿಸಬೇಕೆಂಬುದನ್ನು ಅಂಕಿ ತಾನಾಗಿ ಹೇಳಲಿಲ್ಲ. ಒಳಗಿನ ಪ್ರೇರಣೆ ಬೇರೆ, ಹೊರಗಿನ ಪ್ರೇರಣೆ ಬೇರೆ ಎಂಬ ವಿವೇಚನೆ ಮೆಕ್ಲೆಲ್ಯಾಂಡ್ ಮುಂತಾದವರ ಓದಿನಿಂದ, ಚಿಂತನೆಯಿಂದ, ವಾದವಿವಾದದಿಂದ ಬಂದುದು. ಜೊತೆಗೆ, ಫಲ ಕಾಣದ ಅಧ್ಯಯನಗಳು ಅಚ್ಚಾಗದೆ ಮೇಜಿನ ಸೆಳೆಖಾನೆಯಲ್ಲಿಯೇ ಉಳಿಯಬಹುದೆಂದು 1979ರಲ್ಲಿ ರಾಬರ್ಟ್ ರೋಸೆಂತಾಲ್ ಎಚ್ಚರಿಸಿದ್ದರು. ಗೆದ್ದಲು ತಿಂದ ಓಲೆಯನ್ನು ಯಾವ ಸಂಪಾದಕನೂ ಎಣಿಸಲಾರ! ವಿವರಣಾತ್ಮಕ ಸಮೀಕ್ಷೆಯ ದೋಷ ಪಕ್ಷಪಾತ. ಮೆಟಾ-ವಿಶ್ಲೇಷಣೆಯ ದೋಷ, ಭಿನ್ನ ವಸ್ತುಗಳನ್ನು ಒಂದೇ ರಾಶಿಗೆ ಸುರಿಯುವ ಅವಿವೇಕ. ಮೊದಲನೆಯದನ್ನು ಎರಡನೆಯದು ತಿದ್ದಬೇಕು, ಎರಡನೆಯದಕ್ಕೆ ಮೊದಲನೆಯದು ದಾರಿ ತೋರಬೇಕು.

ಇದು ಪಂಡಿತರ ಒಣಚರ್ಚೆಯೆಂದು ಶಿಕ್ಷಕರು ಭಾವಿಸಬಾರದು. ಒಂದು ಪ್ರಶ್ನಾವಳಿಯ ಬಲದಿಂದ, ಒಂದು ಪರೀಕ್ಷೆಯ ಅಂಕದಿಂದ 'ಈ ಹುಡುಗನಿಗೆ ಹಂಬಲವೇ ಇಲ್ಲ' ಎಂದು ಬರೆದುಬಿಡುವುದು ಸುಲಭ. ಪಾಠದಲ್ಲಿ ಮಂಕಾಗಿ ಕಾಣುವ ಬಾಲಕ ಮಣ್ಣಿನ ಬೊಂಬೆಯನ್ನು ನಾಲ್ಕು ಸಲ ಕೆಡಿಸಿ ಐದನೆಯ ಸಲ ತಿದ್ದಿ ನಿಲ್ಲಿಸುತ್ತಿರಬಹುದು. ಆ ಹಂಬಲ ಅಂಕಪಟ್ಟಿಗೆ ಬಾರದು. ನೂರು ಅಧ್ಯಯನಗಳನ್ನು ಕೂಡಿಸಿದ ಮೇಲೂ ವಿದ್ವಾಂಸರು ಸಂದರ್ಭವನ್ನು ಕೇಳಿದರೆಂಬುದನ್ನು ನೆನೆದರೆ, ಒಂದೇ ಹಾಳೆಯನ್ನು ನೋಡಿ ಮಗುವಿನ ಭವಿಷ್ಯವನ್ನು ನಿರ್ಣಯಿಸುವ ಆತುರ ತಾನಾಗಿಯೇ ತಗ್ಗೀತು. ಎಣಿಸುವ ಕೈಗೆ ತೂಗುವ ಕಣ್ಣು ಜೊತೆಯಾಗಲಿ.