‘ಸ್ವಲ್ಪ ಉರಿಯುತ್ತೆ, ನಾರ್ಮಲ್’

ಕಣ್ಣಿಗೆ ಗಾಯವಾಗಿ ಮೂರು ದಿನ ಪರದೆ ಎಳೆದುಕೊಂಡು ಕೂತಿದ್ದೆ ಅಂದರೆ ಯಾರಾದರೂ ಮೊದಲು ‘ಅಯ್ಯೋ, ಹೇಗಾಯ್ತು?’ ಎನ್ನುತ್ತಾರೆ. ಪಾರ್ಲರಿನಲ್ಲಿ ಆಯ್ತು ಎಂದ ಕೂಡಲೇ ಆ ‘ಅಯ್ಯೋ’ ಹೋಗಿ ಒಂದು ಸಣ್ಣ ನಗೆ ಬರುತ್ತದೆ. ಈ ಬರಹ ಒಂದೂವರೆ ತಿಂಗಳು ತಡವಾಗಿದ್ದು ಆ ನಗೆಯಿಂದಲೇ.

ಧಾರವಾಡದಲ್ಲಿ ಸೋದರಮಾವನ ಮಗಳ ಮದುವೆಯಿತ್ತು. ಪುಣೆಯಿಂದ ಹೊರಡುವುದಕ್ಕೆ ಒಂದು ವಾರ ಮುಂಚೆ ಮನೆ ಹತ್ತಿರದ ಪಾರ್ಲರಿಗೆ ಹುಬ್ಬಿನ ಥ್ರೆಡಿಂಗಿಗೆಂದು ಹೋದವಳು ‘ಲ್ಯಾಶ್ ಲಿಫ್ಟ್’ ಮಾಡಿಸಿಕೊಳ್ಳಲು ಒಪ್ಪಿಬಿಟ್ಟೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ರೆಪ್ಪೆಗೂದಲಿಗೆ ಮಾಡುವ ಪರ್ಮಿಂಗ್. ಮೇಲಿನ ರೆಪ್ಪೆಯ ಮೇಲೆ ಸಿಲಿಕೋನಿನ ಒಂದು ಪುಟ್ಟ ದಿಂಬು ಅಂಟಿಸುತ್ತಾರೆ. ಒಂದೊಂದೇ ಕೂದಲನ್ನು ಅದರ ಮೇಲಕ್ಕೆ ಬಾಗಿಸಿ, ಮೊದಲು ಒಂದು ಲೋಷನ್ ಹಚ್ಚುತ್ತಾರೆ. ಕೂದಲಿಗೆ ಗಟ್ಟಿತನ ಕೊಡುವ ಗಂಧಕದ ಬೆಸುಗೆಗಳನ್ನು ಅದು ಬಿಡಿಸುತ್ತದೆ. ಆಮೇಲೆ ಹಚ್ಚುವ ಎರಡನೆಯದು ಹೊಸ ಆಕಾರದಲ್ಲಿ ಆ ಬೆಸುಗೆಗಳನ್ನು ಮತ್ತೆ ಕೂಡಿಸುತ್ತದೆ. ಮೊದಲನೆಯದರಲ್ಲಿ ಇರುವುದು ಹೆಚ್ಚಾಗಿ ಥಯೋಗ್ಲೈಕೋಲಿಕ್ ಆಸಿಡ್ಡಿನ ಲವಣ. ಕೂದಲು ತೆಗೆಯುವ ಕ್ರೀಮುಗಳಲ್ಲಿ ಇರುವುದೂ ಇದರ ದಾಯಾದಿಯೇ. ಹೆಸರಿನಲ್ಲಿ ಆಸಿಡ್ ಇದ್ದರೂ ಬಾಟಲಿಯಲ್ಲಿರುವ ಮಿಶ್ರಣ ಸಾಮಾನ್ಯವಾಗಿ ಕ್ಷಾರ. ಅದನ್ನು ಕಣ್ಣಿನಿಂದ ಎರಡು ಮಿಲಿಮೀಟರ್ ದೂರದಲ್ಲಿ ಹಚ್ಚಿಸಿಕೊಳ್ಳುತ್ತಿದ್ದೇನೆ ಎಂಬ ಯೋಚನೆ ನನಗೆ ಬರಲಿಲ್ಲ. ಎಂಎ ಭಾಷಾಶಾಸ್ತ್ರದಲ್ಲಿ ಇದಕ್ಕೆ ಪೇಪರ್ ಇರಲಿಲ್ಲ!

ಮೊದಲ ಲೋಷನ್ ಹಚ್ಚಿ ಎರಡು ನಿಮಿಷಕ್ಕೆ ಬಲಗಣ್ಣಿನ ಮೂಲೆಯಲ್ಲಿ ಉರಿ ಶುರುವಾಯಿತು. ‘ಜಲ್ ರಹಾ ಹೈ’ ಎಂದೆ. ‘ಥೋಡಾ ಜಲೇಗಾ ದೀದಿ, ನಾರ್ಮಲ್ ಹೈ. ಆಂಖ್ ಮತ್ ಖೋಲ್ನಾ’ ಎಂದಳು ಹುಡುಗಿ. ಕಣ್ಣು ತೆಗೆದರೆ ಕೆಲಸ ಕೆಡುತ್ತದಂತೆ. ನಾನು ತೆಗೆಯಲಿಲ್ಲ. ಹತ್ತು ಹನ್ನೆರಡು ನಿಮಿಷ, ಮುಚ್ಚಿದ ಕಣ್ಣಿಂದ ನೀರು ಕಿವಿಯವರೆಗೆ ಇಳಿಯುತ್ತಿದ್ದರೂ, ಬುದ್ಧಿವಂತ ಮಗುವಿನ ಹಾಗೆ ಮಲಗಿದ್ದೆ.

ಆ ಹತ್ತು ನಿಮಿಷವನ್ನು ಆಮೇಲೆ ಬಹಳ ಸಲ ನೆನೆಸಿಕೊಂಡಿದ್ದೇನೆ. ಹಿಂದಿ ಅವಳ ಮನೆಮಾತೂ ಅಲ್ಲ, ನನ್ನದೂ ಅಲ್ಲ. ಇಬ್ಬರೂ ಬೇರೆ ಊರಿಂದ ಬಂದವರು, ಎರವಲು ಭಾಷೆಯಲ್ಲಿ ನೋವಿನ ಬಗ್ಗೆ ಮಾತಾಡುತ್ತಿದ್ದೆವು. ಎರವಲು ಭಾಷೆಯಲ್ಲಿ ನನಗೆ ನೋವಿಗೆ ಎರಡೋ ಮೂರೋ ಶಬ್ದ ಗೊತ್ತು. ಖಾರ ತಿಂದರೂ ‘ಜಲ್ ರಹಾ ಹೈ’, ಕಣ್ಣೊಳಗೆ ರಾಸಾಯನಿಕ ಇಳಿದರೂ ‘ಜಲ್ ರಹಾ ಹೈ’. ಕನ್ನಡದಲ್ಲಾಗಿದ್ದರೆ ‘ಏ, ಕಣ್ಣ ಸುಡ್ಲಿಕತ್ತದ, ತೆಗಿ ಮದಲ’ ಎಂದು ಕೂಗುತ್ತಿದ್ದೆನೋ ಏನೋ. ಹಿಂದಿಯಲ್ಲಿ ಸಭ್ಯಳಾಗಿದ್ದೆ. ಆದರೆ ಎಲ್ಲ ತಪ್ಪನ್ನೂ ಭಾಷೆಯ ಮೇಲೆ ಹಾಕಲಾರೆ. ಹುಬ್ಬು ಕಿತ್ತಾಗ, ವ್ಯಾಕ್ಸ್ ಎಳೆದಾಗ, ಮುಖಕ್ಕೆ ಬ್ಲೀಚ್ ಹಚ್ಚಿದಾಗ ‘ಸ್ವಲ್ಪ ಉರಿಯುತ್ತೆ, ನಾರ್ಮಲ್’ ಎಂಬ ಮಾತನ್ನು ಹದಿನಾರನೆಯ ವಯಸ್ಸಿನಿಂದ ಕೇಳುತ್ತಲೇ ಬಂದಿದ್ದೇವೆ. ಚರ್ಮದ ಮಟ್ಟಿಗೆ ಆ ಮಾತು ಅರೆಸತ್ಯ. ಕಣ್ಣಿನ ಮಟ್ಟಿಗೆ ಅದು ಪೂರ್ತಿ ಸುಳ್ಳು, ಅದೂ ಅಪಾಯದ ಸುಳ್ಳು. ಕಣ್ಣಿಗೆ ‘ನಾರ್ಮಲ್’ ಆದ ಉರಿ ಅಂತ ಒಂದು ಇಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಪುರಾವೆ.

ಸಂಜೆಗೆ ಉರಿ ಕಡಿಮೆಯಾಯಿತು. ರಾತ್ರಿ ಒಂದು ಗಂಟೆಗೆ ಎದ್ದರೆ ಬಲಗಣ್ಣು ತೆರೆಯಲು ಬರಲಿಲ್ಲ. ರೆಪ್ಪೆಯ ಒಳಗಡೆ ಯಾರೋ ಮರಳುಕಾಗದ ಅಂಟಿಸಿದ್ದಾರೆ, ಕಣ್ಣು ಹೊರಳಿಸಿದಾಗಲೆಲ್ಲ ಅದು ಉಜ್ಜುತ್ತಿದೆ, ಹಾಗಿತ್ತು. ಫೋನಿನ ಬೆಳಕು ಸೂಜಿಯಂತೆ ಚುಚ್ಚಿತು. ಎಡಗಣ್ಣು ತೆರೆದರೂ ಬಲಗಣ್ಣು ನೋಯುತ್ತಿತ್ತು, ಏಕೆಂದರೆ ಒಂದು ಕಣ್ಣಿಗೆ ಬೆಳಕು ಬಿದ್ದರೂ ಎರಡೂ ಪಾಪೆಗಳು ಕುಗ್ಗುತ್ತವೆ. ಬೆಳಿಗ್ಗೆ ಧಾರವಾಡಕ್ಕೆ ಫೋನ್ ಮಾಡಿದರೆ ಅವ್ವ, ‘ಎರಡು ಹನಿ ಹರಳೆಣ್ಣಿ ಬಿಡವಾ, ತಂಪ ಆಗ್ತದ’ ಎಂದಳು. ಸ್ವಲ್ಪ ಸುಮ್ಮನಿದ್ದು, ‘ಅಲ್ಲಾ, ನಿನಗ ಯಾಕ ಬೇಕಾಗಿತ್ತದು?’ ಎಂದಳು. ಕೆಳಗಿನ ಮೆಡಿಕಲ್ ಶಾಪಿನವರು ಏನೂ ಕೇಳದೆ ಒಂದು ಡ್ರಾಪ್ಸ್ ಕೊಟ್ಟರು. ಕಣ್ಣು ಕೆಂಪಾದರೆ ಎಲ್ಲರೂ ಒಯ್ಯುವುದು ಅದನ್ನೇ ಅಂತೆ. ಪುಣ್ಯಕ್ಕೆ ಮುಚ್ಚಳ ತೆಗೆಯುವ ಮುಂಚೆ ಗೆಳತಿಯೊಬ್ಬಳು ಬಂದು ಆಟೋ ಹತ್ತಿಸಿದಳು. ಆ ಡ್ರಾಪ್ಸಿನಲ್ಲಿ ಸ್ಟೀರಾಯ್ಡ್ ಇತ್ತು ಎಂದು ಆಮೇಲೆ ಗೊತ್ತಾಯಿತು. ಕಣ್ಣಿನ ಡಾಕ್ಟರು ನೋಡಿ, ಬೇಕೆಂದು ಬರೆದುಕೊಟ್ಟರೆ ಸ್ಟೀರಾಯ್ಡ್ ಒಳ್ಳೆಯ ಔಷಧಿಯೇ. ಗಾಯದಲ್ಲಿ ಫಂಗಸ್ಸೋ ಹರ್ಪೀಸ್ ವೈರಸ್ಸೋ ಸೇರಿಕೊಂಡಿದ್ದಾಗ ಅದನ್ನು ಹಾಕಿಕೊಂಡರೆ ಸೋಂಕು ಹಬ್ಬುತ್ತದೆ. ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು.

ಡಾಕ್ಟರು ‘ಏನು ಬಿತ್ತು?’ ಎಂದು ಕೇಳಿದಾಗ ನಾನು ಹೇಳಿದ್ದು, ‘ಧೂಳು’.

ಯಾಕೆ ಹಾಗಂದೆ? ಅವ್ವನ ‘ಯಾಕ ಬೇಕಾಗಿತ್ತು’ ಇನ್ನೂ ಕಿವಿಯಲ್ಲಿತ್ತು. ಡಾಕ್ಟರು ಕಿತ್ತಳೆ ಬಣ್ಣದ ಒಂದು ಪಟ್ಟಿಯನ್ನು ಕಣ್ಣಿಗೆ ತಾಗಿಸಿ ನೀಲಿ ದೀಪ ಹಾಕಿ ನೋಡಿದರು. ಫ್ಲೂರೋಸೀನ್ ಎಂಬ ಆ ಬಣ್ಣ, ಕಾರ್ನಿಯಾದ ಮೇಲ್ಪದರ ಕಿತ್ತುಹೋದಲ್ಲೆಲ್ಲ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ‘ಧೂಳು ಬಿದ್ದರೆ ಗೀರು ಕಾಣುತ್ತೆ. ಇದು ಕೆಳಗಿನ ಅರ್ಧಭಾಗದಲ್ಲೆಲ್ಲ ಹರಡಿದೆ. ನಿಜ ಹೇಳಿ’ ಎಂದರು. ಹೇಳಿದೆ. ಅವರು ನಗಲಿಲ್ಲ. ಲೋಷನ್ ಯಾವುದು, ಎಷ್ಟು ಹೊತ್ತು ಇತ್ತು, ನೀರಿನಿಂದ ತೊಳೆದಿರಾ ಎಂದು ಕೇಳಿದರು. ಲಿಟ್ಮಸ್‌ನಂಥ ಕಾಗದವೊಂದನ್ನು ಕಣ್ಣೀರಿಗೆ ತಾಗಿಸಿ ಕ್ಷಾರ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಧೂಳು ಎಂದೇ ನಂಬಿದ್ದರೆ ಆ ಕಾಗದ ಹೊರಗೆ ಬರುತ್ತಲೇ ಇರಲಿಲ್ಲ.

ಕ್ಷಾರಕ್ಕೆ ಅಷ್ಟೊಂದು ಹೆದರುವುದಕ್ಕೆ ಕಾರಣವಿದೆ. ಆಮ್ಲ ಬಿದ್ದರೆ ಮೇಲ್ಪದರದ ಪ್ರೋಟೀನ್ ಹೆಪ್ಪುಗಟ್ಟಿ ಸ್ವಲ್ಪಮಟ್ಟಿಗೆ ತಾನೇ ತಡೆಗೋಡೆಯಾಗುತ್ತದೆ. ಕ್ಷಾರ ಜೀವಕೋಶಗಳ ಕೊಬ್ಬನ್ನು ಸೋಪು ಮಾಡುತ್ತಾ ಒಳಗಿಳಿಯುತ್ತದೆ. ಎಲೆಯಡಿಕೆಯ ಸುಣ್ಣದ ಪ್ಯಾಕೆಟ್ ಒತ್ತಿ ಮಕ್ಕಳ ಕಣ್ಣಿಗೆ ಸಿಡಿದಾಗ ಅನಾಹುತವಾಗುವುದು ಇದರಿಂದಲೇ. ಕಾರ್ನಿಯಾ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರಿನಷ್ಟು ದಪ್ಪ. ಅದರಲ್ಲಿ ರಕ್ತನಾಳ ಇಲ್ಲ, ನರಗಳ ತುದಿಗಳು ಮಾತ್ರ ಕಿಕ್ಕಿರಿದಿವೆ. ಅದಕ್ಕೇ ಗಾಯಕ್ಕೆ ಮೀರಿದ ನೋವು. ಒಂದು ಸಮಾಧಾನವೆಂದರೆ, ಗಾಯ ಮೇಲ್ಪದರಕ್ಕಷ್ಟೇ ಆಗಿದ್ದರೆ ಅದು ಬೇಗ ಮಾಯುತ್ತದೆ, ಹೆಚ್ಚಾಗಿ ಎರಡು ಮೂರು ದಿನದಲ್ಲಿ. ನನ್ನದೂ ಹಾಗೇ ಮಾಯಿತು. ಆಂಟಿಬಯಾಟಿಕ್ ಡ್ರಾಪ್ಸ್, ಕೃತಕ ಕಣ್ಣೀರು, ನೋವಿಗೆ ಮಾತ್ರೆ, ಮೂರನೆಯ ದಿನ ಮತ್ತೆ ತಪಾಸಣೆ. ಪರೀಕ್ಷೆಗೆ ಮುಂಚೆ ಹಾಕಿದ ಮರಗಟ್ಟಿಸುವ ಹನಿಯಿಂದ ಹತ್ತು ನಿಮಿಷ ಸ್ವರ್ಗದಲ್ಲಿದ್ದೆ. ‘ಆ ಬಾಟಲಿಯನ್ನೇ ಕೊಡಿ’ ಎಂದು ಗೋಗರೆದೆ. ಕೊಡಲಿಲ್ಲ. ಅದನ್ನು ಮನೆಯಲ್ಲಿ ಮತ್ತೆ ಮತ್ತೆ ಹಾಕಿಕೊಂಡರೆ ಗಾಯ ಮಾಯುವುದೇ ನಿಂತು ಕಾರ್ನಿಯಾ ಕರಗುವವರೆಗೂ ಹೋಗಬಹುದಂತೆ.

ನಿಜವಾಗಿ ಮಾಡಬೇಕಾಗಿದ್ದ ಚಿಕಿತ್ಸೆಗೆ ಒಂದು ಪೈಸೆಯೂ ಬೇಕಿರಲಿಲ್ಲ. ಕಣ್ಣು ಉರಿದ ಕ್ಷಣವೇ ಎದ್ದು, ರೆಪ್ಪೆ ಬಿಡಿಸಿ ಹಿಡಿದು, ಹರಿಯುವ ತಣ್ಣೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆಯಬೇಕಿತ್ತು. ಲೆನ್ಸ್ ಹಾಕುವವರಾದರೆ ಅದನ್ನು ತೆಗೆದು. ಹಾಲು, ಗುಲಾಬಿ ನೀರು, ಹರಳೆಣ್ಣೆ, ಆಮ್ಲ ಕ್ಷಾರದ ಲೆಕ್ಕ ಹಾಕಿ ನಿಂಬೆರಸ, ಯಾವುದೂ ಅಲ್ಲ. ಬರೀ ನೀರು, ಬಹಳ ಹೊತ್ತು, ಆಮೇಲೆ ಆ ಬಾಟಲಿಯ ಫೋಟೋ ಹಿಡಿದುಕೊಂಡು ಡಾಕ್ಟರ ಹತ್ತಿರ. ನಾನು ಮಲಗಿದ್ದ ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ತಲೆ ತೊಳೆಯುವ ಬೇಸಿನ್ ಇತ್ತು, ಕೈಯಲ್ಲಿ ಹಿಡಿಯುವ ಶವರ್ ಸಮೇತ.

ಇಲ್ಲಿ ನನ್ನ ಕಸುಬಿನ ಮಾತು ಬರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಹೇರ್ ಡೈ ಡಬ್ಬಿಯ ಬರಹವನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದೆ, ಶಬ್ದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಅದರಲ್ಲೊಂದು ಎಚ್ಚರಿಕೆ: ಇದನ್ನು ಕಣ್ರೆಪ್ಪೆ ಅಥವಾ ಹುಬ್ಬುಗಳಿಗೆ ಬಳಸಬಾರದು, ಬಳಸಿದಲ್ಲಿ ಅಂಧತ್ವ ಉಂಟಾಗುವ ಸಂಭವವಿರುತ್ತದೆ. ಟೈಪ್ ಮಾಡಿ ಮುಂದಿನ ಸಾಲಿಗೆ ಹೋಗಿದ್ದೆ. ಕತ್ತಲಲ್ಲಿ ಕೂತಿದ್ದಾಗ ಅದು ನೆನಪಾಯಿತು, ಕಣ್ಣು ಸರಿಯಾದ ಮೇಲೆ ಅದರ ಜಾಡು ಹಿಡಿದು ಹೋದೆ. 1933ರ ಸುಮಾರಿಗೆ ಅಮೆರಿಕದಲ್ಲಿ ಲ್ಯಾಶ್ ಲ್ಯೂರ್ ಎಂಬ ರೆಪ್ಪೆಗೂದಲಿನ ಬಣ್ಣ ಮಾರಾಟದಲ್ಲಿತ್ತು. ಅದರಲ್ಲಿದ್ದದ್ದು ಪಿಪಿಡಿ ಜಾತಿಯ ಡಾಂಬರು ಮೂಲದ ಬಣ್ಣ. ಅದನ್ನು ಹಚ್ಚಿಸಿಕೊಂಡು ಹೆಂಗಸರು ದೃಷ್ಟಿ ಕಳೆದುಕೊಂಡರು, ಒಬ್ಬರಾದರೂ ಸತ್ತರು. ಆಗಿದ್ದ 1906ರ ಕಾನೂನಿನಲ್ಲಿ ಸೌಂದರ್ಯವರ್ಧಕಗಳ ಮಾತೇ ಇರಲಿಲ್ಲ, ಹಾಗಾಗಿ ಸರ್ಕಾರಕ್ಕೆ ಅದನ್ನು ಜಪ್ತಿ ಮಾಡುವ ಅಧಿಕಾರವೂ ಇರಲಿಲ್ಲ. 1938ರಲ್ಲಿ ಹೊಸ ಕಾನೂನು ಬಂತು. ಡಾಂಬರು ಮೂಲದ ತಲೆಗೂದಲ ಬಣ್ಣಗಳಿಗೆ ಅದು ವಿನಾಯಿತಿ ಕೊಟ್ಟಿತು, ಆದರೆ ರೆಪ್ಪೆಗೆ ಹುಬ್ಬಿಗೆ ಹಚ್ಚಿದರೆ ಕಣ್ಣು ಹೋಗಬಹುದು ಎಂದು ಡಬ್ಬಿಯ ಮೇಲೆ ಬರೆಯಬೇಕೆಂಬ ಷರತ್ತಿನ ಮೇಲೆ. ನಮ್ಮ ದೇಶದ ನಿಯಮಗಳಲ್ಲೂ ಹೆಚ್ಚುಕಡಿಮೆ ಅದೇ ವಾಕ್ಯವಿದೆ, ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಗಳಲ್ಲೂ ಇರಬೇಕು ಎಂಬ ಮಾತಿನೊಂದಿಗೆ. ನನ್ನ ಮೇಜಿಗೆ ಬಂದದ್ದು ಹೀಗೆ ಕಣ್ಣು ಕಳೆದುಕೊಂಡವರ ಕಡೆಯಿಂದ ಬಂದ ವಾಕ್ಯ.

ಆದರೆ ಈ ಎಚ್ಚರಿಕೆ ಮಾತಾಡುವುದು ಡಬ್ಬಿ ಕೊಂಡವರ ಜೊತೆ. ಪಾರ್ಲರಿನಲ್ಲಿ ಡಬ್ಬಿ ಕೊಳ್ಳುವವರು ಒಬ್ಬರು, ಹಚ್ಚುವವರು ಇನ್ನೊಬ್ಬರು, ಹಚ್ಚಿಸಿಕೊಳ್ಳುವವರು ಮತ್ತೊಬ್ಬರು. ಕಣ್ಣು ಯಾರದೋ ಅವರು ಕಣ್ಣು ಮುಚ್ಚಿಕೊಂಡು ಮಲಗಿರುತ್ತಾರೆ. ನಾಲ್ಕನೆಯ ದಿನ ಆ ಪಾರ್ಲರಿಗೆ ಹೋಗಿ ಲೋಷನ್ ತೋರಿಸಿ ಎಂದೆ. ಬೆರಳಿನಷ್ಟು ದೊಡ್ಡ ಸ್ಯಾಶೆ, ಮೇಲೆಲ್ಲ ಕೊರಿಯಾದ ಲಿಪಿ. ಆ ಅಕ್ಷರಗಳ ಪರಿಚಯ ನನಗಿದೆ, ಅರ್ಥ ಗೊತ್ತಿಲ್ಲ. ಹಿಂಬದಿಯಲ್ಲಿ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಪದಾರ್ಥಗಳ ಪಟ್ಟಿ. ಹೊರದೇಶದಿಂದ ಬರುವ ಸೌಂದರ್ಯವರ್ಧಕಕ್ಕೆ ಇಲ್ಲಿ ನೋಂದಣಿ ಆಗಿರಬೇಕು, ಆ ಸಂಖ್ಯೆಯೂ ಆಮದುದಾರರ ವಿಳಾಸವೂ ಲೇಬಲ್ಲಿನ ಮೇಲಿರಬೇಕು. ಎರಡೂ ಇರಲಿಲ್ಲ. ಮಾಲಕಿ ಒಂದು ಫೇಶಿಯಲ್ ಫ್ರೀ ಮಾಡಿಕೊಡುತ್ತೇನೆ ಎಂದರು. ಹುಡುಗಿ ಮಾತ್ರ ಹೊರಗಿನವರೆಗೂ ಬಂದು, ತನಗೂ ದಿನವಿಡೀ ಕಣ್ಣಲ್ಲಿ ನೀರು ಬರುತ್ತದೆ, ಅದೂ ನಾರ್ಮಲ್ ಅಲ್ಲವಾ ದೀದಿ ಎಂದು ಕೇಳಿದಳು. ಅವಳಿಗೆ ಯಾರೋ ಹೇಳಿದ್ದನ್ನೇ ಅವಳು ನನಗೆ ಹೇಳಿದ್ದಳು. ಅವಳ ಕೆಲಸ ತೆಗೆಸಬೇಕು ಎಂದು ಗೆಳತಿ ಹಟ ಹಿಡಿದಳು, ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ. ಮಾಲಕಿಗೆ ಬರೆದು ಕೊಟ್ಟಿದ್ದೇನೆ: ಲೇಬಲ್ ಇಲ್ಲದ ಸ್ಯಾಶೆ ಬೇಡ, ಮೊದಲು ಮೊಣಕೈ ಒಳಬದಿಯಲ್ಲೋ ಕಿವಿಯ ಹಿಂದೆಯೋ ಹಚ್ಚಿ ಒಂದು ದಿನ ನೋಡಿ, ಗಿರಾಕಿ ಉರಿ ಎಂದರೆ ಕೆಲಸ ಕೆಟ್ಟರೂ ನಿಲ್ಲಿಸಿ, ಬೇಸಿನ್ನಿಗೆ ಕರೆದುಕೊಂಡು ಹೋಗಿ. ಮಾಡುತ್ತಾರೋ ಇಲ್ಲವೋ.

‘ಇಷ್ಟೆಲ್ಲ ಯಾಕೆ, ಹೋಗದಿದ್ದರಾಯಿತಲ್ಲ’ ಎನ್ನುವವರಿಗೆ ಒಂದು ಪ್ರಶ್ನೆ. ನನ್ನ ಅಣ್ಣನಿಗೆ ಕ್ರಿಕೆಟ್ ಚೆಂಡು ಕಣ್ಣಿಗೆ ಬಡಿದು ಹದಿನೈದು ದಿನ ರಜೆ ಹಾಕಿದ್ದ. ನಲವತ್ತು ದಾಟಿದ ಮೇಲೆ ಲೆದರ್ ಬಾಲ್ ಆಟ ಯಾಕೆ ಬೇಕಾಗಿತ್ತು ಎಂದು ಅವನನ್ನು ಯಾರೂ ಕೇಳಲಿಲ್ಲ. ಅವ್ವ ಹಣ್ಣು ಕೊಟ್ಟು ಕಳಿಸಿದ್ದಳು. ಮದುವೆಗೆ ಚೆಂದ ಕಾಣಬೇಕು ಅನ್ನಿಸಿದ್ದು ಅಪರಾಧವೇನಲ್ಲ. ಅದು ಅಪರಾಧ ಎನ್ನಿಸುವ ಹಾಗೆ ಮಾತಾಡಿದರೆ ಇನ್ನೊಬ್ಬಳು ಡಾಕ್ಟರ ಮುಂದೆ ‘ಧೂಳು’ ಎನ್ನುತ್ತಾಳೆ, ಅಥವಾ ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ಅಂದಹಾಗೆ ಮದುವೆಗೆ ಹೋದೆ, ಕಪ್ಪು ಕನ್ನಡಕ ಹಾಕಿಕೊಂಡು. ಎಡಗಣ್ಣಿನ ರೆಪ್ಪೆಗೂದಲು ಮಾತ್ರ ಬಹಳ ಸೊಗಸಾಗಿ ಬಾಗಿತ್ತು, ಯಾರೂ ನೋಡಲಿಲ್ಲ.

ಕಳೆದ ವಾರ ಇನ್ನೊಂದು ಹೇರ್ ಡೈ ಲೇಬಲ್ ಅನುವಾದಕ್ಕೆ ಬಂತು. ಹಳೆಯ ಕಡತ ತೆರೆದರೆ ನನ್ನದೇ ವಾಕ್ಯ. ‘ಕಣ್ರೆಪ್ಪೆ’ ಎಂದರೆ ನಮ್ಮಲ್ಲಿ ಬಹಳ ಜನ ಮುಚ್ಚಿ ತೆರೆಯುವ ಚರ್ಮ ಎಂದೇ ತಿಳಿಯುತ್ತಾರೆ. ‘ಎವೆ’ ಎಂದರೆ ಹೊಸ ತಲೆಮಾರಿಗೆ ಎವೆಯಿಕ್ಕದೆ ನೋಡುವುದು ಬಿಟ್ಟು ಬೇರೆ ಗೊತ್ತಿಲ್ಲ. ‘ರೆಪ್ಪೆಗೂದಲಿಗೂ ಹುಬ್ಬಿಗೂ ಹಚ್ಚಬೇಡಿ, ಹಚ್ಚಿದರೆ ಕಣ್ಣು ಕುರುಡಾಗಬಹುದು’ ಎಂದು ಬದಲಿಸಿ ಕಳಿಸಿದೆ. ಪರಿಶೀಲಕರ ಟಿಪ್ಪಣಿ ಬಂತು: ‘ಭಾಷೆ ಸ್ವಲ್ಪ ಒರಟು, ಹಿಂದಿನ ರೂಪವನ್ನೇ ಉಳಿಸಬಹುದೇ?’ ಉಳಿಸಲಾಗದು ಎಂದು ಕಾರಣ ಸಮೇತ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.