ಪೊರೆಯಿಲ್ಲದ ಹನಿ

ಸಾರಿಗೆ ಒಗ್ಗರಣೆ ಹಾಕಿದ ಮೇಲೆ ಪಾತ್ರೆಯೊಳಗೆ ಇಣುಕಿ ನೋಡಿ. ಎಣ್ಣೆಯ ಸಣ್ಣ ಸಣ್ಣ ಬೊಟ್ಟುಗಳು ತೇಲುತ್ತಿರುತ್ತವೆ. ಸೌಟಿನ ತುದಿಯಿಂದ ಎರಡನ್ನು ಹತ್ತಿರ ತಂದರೆ ಕೂಡಿಕೊಂಡು ಒಂದೇ ಬೊಟ್ಟಾಗುತ್ತವೆ. ಅವಕ್ಕೆ ಪೊರೆಯಿಲ್ಲ. ಆದರೂ ಸಾರಿನಲ್ಲಿ ಕರಗಿಹೋಗುವುದಿಲ್ಲ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ತರಗತಿಯಲ್ಲಿ ಜೀವಕೋಶದ ಚಿತ್ರ ಬರೆಸುತ್ತಿದ್ದೆ. ಕೋಶಕೇಂದ್ರದ ನಡುವೆ ಒಂದು ಚುಕ್ಕೆಯಿಟ್ಟು 'ನ್ಯೂಕ್ಲಿಯೋಲಸ್' ಎಂದು ಹೆಸರಿಸಿದೆ. ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳ ಜೋಡಣೆ ಶುರುವಾಗುವುದು ಇಲ್ಲೇ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ಇದಕ್ಕೆ ಪೊರೆ ಇಲ್ಲ ಅಂದ್ರಿ. ಮತ್ತೆ ಯಾಕೆ ಚದುರಿಹೋಗಲ್ಲ?" ಎಂದಳು. "ಪರೀಕ್ಷೆಗೆ ಅದೆಲ್ಲ ಬರಲ್ಲ, ಕೂತ್ಕೊ" ಎಂದುಬಿಟ್ಟೆ. ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಆಮೇಲೆ ಅವಳು ಇನ್ನೊಂದು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

2011ರಲ್ಲಿ ಕ್ಲಿಫರ್ಡ್ ಬ್ರಾಂಗ್ವಿನ್, ಟಿಮ್ ಮಿಚಿಸನ್ ಮತ್ತು ಆಂಟನಿ ಹೈಮನ್ ಆಫ್ರಿಕದ ಕ್ಸೆನೋಪಸ್ ಕಪ್ಪೆಯ ಬಲಿಯದ ಅಂಡಕೋಶಗಳನ್ನು ಪರೀಕ್ಷಿಸಿ, ಅಲ್ಲಿನ ನ್ಯೂಕ್ಲಿಯೋಲಸ್‌ಗಳು ದ್ರವದ ಹನಿಗಳಂತೆ ವರ್ತಿಸುತ್ತವೆ ಎಂದು ತೋರಿಸಿದರು. ಒಂದಕ್ಕೊಂದು ತಾಗಿದರೆ ಕೂಡಿ ಮತ್ತೆ ದುಂಡಗಾಗುತ್ತವೆ, ಥೇಟ್ ಸಾರಿನ ಮೇಲಿನ ಎಣ್ಣೆಯಂತೆ.

ಈಗ ಚಿತ್ರ ಬರೆಸುವಾಗ ಆ ಹುಡುಗಿಯ ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ಮೊನ್ನೆ ಒಬ್ಬ ಹುಡುಗ ಎದ್ದು ನಿಂತು, "ಎಣ್ಣೆ ಹಗುರ, ತೇಲುತ್ತೆ. ಇದು ಸುತ್ತಲಿನ ದ್ರವಕ್ಕಿಂತ ಭಾರ ಇದ್ರೆ ತಳಕ್ಕೆ ಬೀಳ್ಬೇಕಲ್ವಾ ಸಾರ್?" ಎಂದ. ಈ ಸಲ ಕೂರಿಸಲಿಲ್ಲ.

ಭಾರವೇ ಹೌದು. ಆದರೆ ಸಾಮಾನ್ಯ ಜೀವಕೋಶದ ಗಾತ್ರ ಸುಮಾರು 10 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. ಅಷ್ಟು ಕಿರಿದಾದ ಜಾಗದಲ್ಲಿ ಅಣುಗಳ ನೂಕುನುಗ್ಗಲಿನ ಮುಂದೆ ಗುರುತ್ವ ಲೆಕ್ಕಕ್ಕೇ ಬಾರದು. ಕಪ್ಪೆಯ ಅಂಡಕೋಶದ ಮಾತು ಬೇರೆ. ಅದು ಒಂದು ಮಿಲಿಮೀಟರಿಗೂ ದೊಡ್ಡದು, ಬರಿಗಣ್ಣಿಗೇ ಕಾಣುತ್ತದೆ. ಕೋಶಕೇಂದ್ರವೊಂದೇ ಸುಮಾರು 450 ಮೈಕ್ರೋಮೀಟರ್. ಅಲ್ಲಿ ಗುರುತ್ವ ತನ್ನ ಕೈ ತೋರಿಸುತ್ತದೆ.

ಹಾಗಿದ್ದೂ ನೂರಾರು ಹನಿಗಳು ಬೀಳದೆ ನಿಂತಿರುತ್ತವೆ. ಕಾರಣವನ್ನು 2013ರಲ್ಲಿ ಮರೀನಾ ಫೆರಿಕ್ ಮತ್ತು ಬ್ರಾಂಗ್ವಿನ್ ಕಂಡುಕೊಂಡರು. ಆ ಕೋಶಕೇಂದ್ರದ ತುಂಬ ಆಕ್ಟಿನ್ ಎಂಬ ಪ್ರೋಟೀನಿನ ಬಲೆಯಿದೆ. ಸ್ನಾಯುಗಳ ಪಾಠದಲ್ಲಿ ಬರುತ್ತದಲ್ಲ, ಅದೇ ಆಕ್ಟಿನ್. ತಿಳಿಸಾರಿನಲ್ಲಿ ತಳ ಸೇರುವ ಮೆಣಸಿನಕಾಳು ಆರಿ ಗಟ್ಟಿಯಾದ ರಾಗಿ ಅಂಬಲಿಯಲ್ಲಿ ಇದ್ದಲ್ಲೇ ನಿಲ್ಲುವುದಿಲ್ಲವೆ? ಹಾಗೆ. ಸಂಶೋಧಕರು ಈ ಬಲೆಯನ್ನು ಕೆಡಿಸಿದಾಗ ಹನಿಗಳು ಕೆಳಗಿಳಿದವು, ತಳದಲ್ಲಿ ಒಂದಕ್ಕೊಂದು ಕೂಡಿ ದೊಡ್ಡ ಹನಿಗಳಾದವು.

"ಹಾಗಾದ್ರೆ ಕೋಳಿಮೊಟ್ಟೇಲಿ?" ಎಂದ ಅದೇ ಹುಡುಗ. ಗೊತ್ತಿಲ್ಲ, ಹುಡುಕಿ ಹೇಳ್ತೀನಿ ಎಂದೆ.